ಮುಡಿಪಿನೊಳಗಿನ ಕಪ್ಪು ಪೆನ್ನಿ

ಮಂಜೇಶ್ವರ

ರಂಗೂನಿಗೆ ಹೋಗಿ ಬಂದೆ ಎಂದರೆ ಜನ ಮೊದಲು ಕೇಳುವುದು ಅಲ್ಲಿಯ ಚಿನ್ನದ ಪಗೋಡದ ಸುದ್ದಿ. ಅದನ್ನು ನಾನು ನೋಡಿದ್ದು ದೂರದಿಂದ, ಅದೂ ಮಳೆಯ ಮರೆಯಲ್ಲಿ. ಹತ್ತಿರ ಹೋಗುವ ಮನಸ್ಸು ಬರಲಿಲ್ಲ. ಪಗೋಡದ ವರ್ಣನೆ ಬೇಕಾದವರು ಈ ಬರಹವನ್ನು ಇಲ್ಲಿಗೇ ಬಿಟ್ಟರೆ ನನಗೆ ಬೇಸರವಿಲ್ಲ. ನಾನು ಅಷ್ಟು ದೂರ ಹೋದದ್ದು ಕೆಲವು ಹಳೆಯ ಕಂಚಿನ ನಾಣ್ಯಗಳ ಗುರುತು ಹಿಡಿಯಲಿಕ್ಕೆ.

ನನ್ನದು ಸ್ಟೇಷನ್ನಿನ ಹತ್ತಿರ ಗಡಿಯಾರ ರಿಪೇರಿಯ ಅಂಗಡಿ. ನನಗೂ ನನ್ನ ತಮ್ಮ ವಾಸುದೇವನಿಗೂ ಹುಡುಗರಾಗಿದ್ದಾಗಲೇ ಪರದೇಶದ ನಾಣ್ಯಗಳ ಹುಚ್ಚು ಹಿಡಿದಿತ್ತು. ಮಂಗಳೂರಿನಿಂದ ಹೆಂಚು ಹೇರಿಕೊಂಡು ಹೋಗುವ ಹಾಯಿಹಡಗುಗಳ ಖಲಾಸಿಗಳು ಎಲ್ಲೆಲ್ಲಿಯದೋ ಚಿಲ್ಲರೆಯನ್ನು ಕಿಸೆಯಲ್ಲಿ ತರುತ್ತಿದ್ದರು. ಅದರಲ್ಲಿ ನಮಗೆ ಮೆಚ್ಚಿನದು ಇಂಗ್ಲೆಂಡಿನ ಪೆನ್ನಿ. ನಮ್ಮ ಬೆಳ್ಳಿ ರೂಪಾಯಿಗಿಂತ ಕೂದಲೆಳೆಯಷ್ಟು ಅಗಲ, ಅಂಗೈಯಲ್ಲಿಟ್ಟರೆ ಭಾರ ಗೊತ್ತಾಗುವ ಕಂಚು. ಒಂದು ಬದಿಯಲ್ಲಿ ರಾಜನೋ ರಾಣಿಯೋ, ಇನ್ನೊಂದು ಬದಿಯಲ್ಲಿ ಗುರಾಣಿಯ ಪಕ್ಕ ತ್ರಿಶೂಲ ಹಿಡಿದು ಕೂತ ಹೆಂಗಸು. ಅವಳು ಯಾವುದೋ ದೇವಿ ಎಂದೇ ಅಮ್ಮ ತಿಳಿದಿದ್ದರು. ವಿಕ್ಟೋರಿಯಾ ರಾಣಿ ಹಳೆಯ ಪೆನ್ನಿಗಳಲ್ಲಿ ತುರುಬು ಕಟ್ಟಿದ್ದಾಳೆ, ಮುದುಕಿಯಾದ ಮೇಲಿನವುಗಳಲ್ಲಿ ಮುಸುಕು ಹಾಕಿದ್ದಾಳೆ. ನಾವು ತುರುಬಿನ ರಾಣಿ, ಮುಸುಕಿನ ರಾಣಿ ಎಂದೇ ಕರೆಯುತ್ತಿದ್ದೆವು. ಕೆಲವು ತುರುಬಿನ ರಾಣಿಯರ ಇಸವಿಯ ಕೆಳಗೆ ಎಚ್ ಎಂಬ ಸಣ್ಣ ಅಕ್ಷರ ಇರುತ್ತದೆ. ಬೇರೆ ಊರಿನ ಟಂಕಸಾಲೆಯಲ್ಲಿ ಅಚ್ಚಾದದ್ದರ ಗುರುತು ಅದು. ಅಂಥದೊಂದು ಸಿಕ್ಕಿದ ದಿನ ವಾಸುವಿಗೆ ಊಟದ ನೆನಪೂ ಇರುತ್ತಿರಲಿಲ್ಲ.

ಯುದ್ಧಕ್ಕೆ ಮೊದಲು ವಾಸು ರಂಗೂನಿನ ಅಕ್ಕಿ ಗಿರಣಿಯೊಂದಕ್ಕೆ ಗುಮಾಸ್ತನಾಗಿ ಹೋದ. ಮದುವೆಯಾಗಿ ಹೆಚ್ಚು ಕಾಲವಾಗಿರಲಿಲ್ಲ. ಹೆಂಡತಿ ಪದ್ಮಾವತಿಯನ್ನು ನಮ್ಮಲ್ಲೇ ಬಿಟ್ಟಿದ್ದ. ಹೊರಡುವ ದಿನ ಅಮ್ಮ ಅರಸಿನ ನೀರಿನಲ್ಲಿ ಅದ್ದಿದ ಬಟ್ಟೆಯ ತುಂಡಿನಲ್ಲಿ ಒಂದು ನಾಣ್ಯ ಕಟ್ಟಿ ಅವನ ಕೈಗೆ ಕೊಟ್ಟರು. ಅದು ಮನೆದೇವರ ಮುಡಿಪು. ಪರವೂರಿನಲ್ಲಿರುವಷ್ಟು ಕಾಲ ಪ್ರತಿವರ್ಷ ಬಿಸುವಿನ ದಿನ, ಅಂದರೆ ನಮ್ಮ ಹೊಸವರ್ಷದ ದಿನ, ಅದಕ್ಕೆ ಒಂದೊಂದು ನಾಣ್ಯ ಸೇರಿಸಬೇಕು. ಊರಿಗೆ ಮರಳಿದ ಮೇಲೆ ಗಂಟನ್ನು ದೇವರ ಮುಂದೆ ಇಟ್ಟು ಒಪ್ಪಿಸಬೇಕು. ಅಲ್ಲಿಯವರೆಗೆ ಹರಕೆ ಹೊತ್ತವನಲ್ಲದೆ ಬೇರೆ ಯಾರೂ ಅದನ್ನು ಬಿಚ್ಚುವ ಹಾಗಿಲ್ಲ. ಮೊದಲ ನಾಣ್ಯಕ್ಕೆ ವಾಸು ನಮ್ಮ ಡಬ್ಬಿಯ ಅತಿ ಚೆಂದದ ತುರುಬಿನ ರಾಣಿಯನ್ನೇ ಆರಿಸಿದ. ಮುಂದೆ ಹಾಕುವುದೂ ಪೆನ್ನಿಗಳನ್ನೇ ಎಂದ. ನನಗೆ ಹೊಟ್ಟೆ ಉರಿಯಿತು, ಆದರೆ ದೇವರ ಹತ್ತಿರ ಚೌಕಾಸಿ ಮಾಡುವುದು ಹೇಗೆಂದು ಸುಮ್ಮನಾದೆ.

ಜಪಾನಿನವರು ರಂಗೂನಿಗೆ ಬಾಂಬು ಹಾಕಿದಾಗ ನಮ್ಮ ಕಡೆಯವರು ಕಾಲ್ನಡಿಗೆಯಲ್ಲಿ ಊರಿಗೆ ಹೊರಟರು. ವಾಸುವಿನ ಜೊತೆ ಹೊರಟಿದ್ದ ಇಬ್ಬರು ಎಲುಬಿನ ಹಂದರವಾಗಿ ಬಂದು ಮುಟ್ಟಿದರು. ಅರಾಕಾನಿನ ಬೆಟ್ಟದ ದಾರಿಯಲ್ಲಿ ವಾಸು ಜ್ವರ ಹಿಡಿದು ಏಳಲಾರದೆ ಹೋದನಂತೆ. ದಾರಿಬದಿಯ ಒಂದು ತಂಗುದಾಣದಲ್ಲಿ ಮಲಗಿಸಿ, ತಲೆಯ ಹತ್ತಿರ ನೀರಿಟ್ಟು, ಇವರು ಮುಂದೆ ನಡೆದರಂತೆ. ಅಂಥ ಜ್ವರದಲ್ಲಿ ಯಾರೂ ಉಳಿದದ್ದಿಲ್ಲ ಎಂದರು. ಬಾಗಿಲ ಮರೆಯಲ್ಲಿ ನಿಂತಿದ್ದ ಪದ್ಮಾವತಿ ಒಂದೇ ಪ್ರಶ್ನೆ ಕೇಳಿದಳು: "ಹೋದದ್ದನ್ನು ನೀವು ಕಣ್ಣಲ್ಲಿ ನೋಡಿದ್ದುಂಟಾ?" ಇಬ್ಬರೂ ತಲೆ ತಗ್ಗಿಸಿದರು.

ಆಮೇಲೆ ಅವಳು ಆ ಪ್ರಶ್ನೆಯನ್ನು ಬಿಡಲೇ ಇಲ್ಲ. ಪುರೋಹಿತರು ಉತ್ತರಕ್ರಿಯೆಯ ಮಾತೆತ್ತಿದಾಗಲೂ ಅದನ್ನೇ ಕೇಳಿದಳು. ಸತ್ತದ್ದನ್ನು ಕಂಡವರಿಲ್ಲ, ಗುರುತಿಗೊಂದು ವಸ್ತುವಿಲ್ಲ. ಹಾಗಿದ್ದಾಗ ಹನ್ನೆರಡು ವರ್ಷ ಕಾಯಬೇಕು ಎಂದು ಶಾಸ್ತ್ರ. ಮಗನಿಗೆ ಗತಿ ಕಾಣಿಸಲಿಲ್ಲವಲ್ಲ ಎಂದು ಅಮ್ಮ ಕೊರಗುತ್ತಿದ್ದರು. ಪದ್ಮಾವತಿ ದಿನವೂ ಕುಂಕುಮ ಇಡುತ್ತಿದ್ದಳು. ಊರು ಅದನ್ನು ಒಪ್ಪಲಿಲ್ಲ. ಮದುವೆಮನೆಯಲ್ಲಿ ಅರಸಿನ ಕುಂಕುಮದ ತಟ್ಟೆ ಅವಳನ್ನು ದಾಟಿ ಪಕ್ಕದವಳಿಗೆ ಹೋಗುತ್ತಿತ್ತು. ಸತ್ತವನ ಹೆಸರಲ್ಲಿ ಹಣೆಗೆ ಇಡುವವಳು ಎಂದು ಆಡಿಕೊಳ್ಳುವುದು ಅವಳ ಕಿವಿಗೂ ಬೀಳುತ್ತಿತ್ತು. ಕೊನೆಗೆ ಅವಳು ಮನೆಯಿಂದ ಹೊರಗೆ ಹೋಗುವುದನ್ನೇ ಬಿಟ್ಟಳು.

ಹೀಗೆ ವರ್ಷಗಳು ಕಳೆದು, ಅಲ್ಲಿ ಬರ್ಮಾ ಇಲ್ಲಿ ನಾವು ಸ್ವತಂತ್ರರಾದ ಮೇಲೆ, ಸೀತಾಂಗೋಳಿಯ ಒಬ್ಬ ಬ್ಯಾರಿ ಮುಸಲ್ಮಾನ ನನ್ನ ಅಂಗಡಿಗೆ ಬಂದ. ರಂಗೂನಿನಲ್ಲಿ ಕೊಡೆ ಅಂಗಡಿ ಇಟ್ಟಿರುವ ತನ್ನ ಮಾವ ಅದ್ದು ಬ್ಯಾರಿಯವರಲ್ಲಿ ಒಂದು ಮುಡಿಪು ಇದೆ ಎಂದು ಹೇಳಿದ. ಬರ್ಮಾದ ಹೆಂಗಸೊಬ್ಬಳು ತಂದುಕೊಟ್ಟದ್ದಂತೆ, ಮಂಜೇಶ್ವರದ ವಾಸುದೇವ ಎಂಬವರದ್ದಂತೆ. ನೀನೇ ತರಬಹುದಿತ್ತಲ್ಲ ಎಂದು ಕೇಳಿದೆ. ಇನ್ನೊಬ್ಬರ ದೇವರ ಗಂಟನ್ನು ತನ್ನ ಟ್ರಂಕಿನಲ್ಲಿ ಬಟ್ಟೆಬರೆಯ ಜೊತೆ ಕಳಿಸಲು ಮಾವ ಒಪ್ಪಲಿಲ್ಲ, ಮನೆಯವರೇ ಬರಲಿ ಎಂದರು ಎಂದ.

ಹಳದಿ ಗಂಟು ವಾಸುವಿನದೇ ಎಂದು ಹೇಗೆ ನಂಬುವುದು? ರಂಗೂನಿಗೆ ಹೋದ ನಮ್ಮ ಕಡೆಯ ಅಡಿಗೆಯವರು, ಗುಮಾಸ್ತರು ಎಲ್ಲರ ಪೆಟ್ಟಿಗೆಯಲ್ಲೂ ಅಂಥದೊಂದು ಗಂಟು ಇದ್ದದ್ದೇ. ಒಳಗಿನ ನಾಣ್ಯ ನೋಡಿ ಗುರುತು ಹೇಳಬಲ್ಲವನು ನಾನೊಬ್ಬನೇ. ಹೌದು ಎಂದರೆ ಪದ್ಮಾವತಿಯ ಕುಂಕುಮ ಹೋಗುತ್ತದೆ, ನಮ್ಮ ಮನೆತನದ ಪದ್ಧತಿಯಂತೆ ತಲೆಗೂದಲೂ ಹೋಗುತ್ತದೆ. ಅಲ್ಲ ಎಂದರೆ ಅವಳಿಗೆ ಮತ್ತೆ ಅದೇ ಕಾಯುವಿಕೆ. ಹೊರಡುವಾಗ ಅಮ್ಮ ಮುಡಿಪನ್ನು ಬಿಚ್ಚಬೇಡ ಎಂದು ಹೇಳಿದರು. ಪದ್ಮಾವತಿ ಅಂಗಳದವರೆಗೆ ಬಂದು, "ನನಗೆ ಸಮಾಧಾನ ಆಗ್ಲಿ ಅಂತ ಎಂತದೂ ಹೇಳ್ಬೇಡಿ ಬಾವ. ಇದ್ದದ್ದನ್ನು ಇದ್ದ ಹಾಗೆ ಹೇಳಿ" ಎಂದಳು. ಆಗಲಿ ಎಂದೆ.

ಮದ್ರಾಸು ಬಂದರು

ಮದ್ರಾಸಿನಲ್ಲಿ ಡೆಕ್ಕಿನ ಪ್ರಯಾಣಿಕರನ್ನು ದನಗಳ ಸಂತೆಯ ಹಾಗೆ ಸಾಲಾಗಿ ನಿಲ್ಲಿಸುತ್ತಾರೆ. ನಾಲಗೆ ನೋಡಿದರು, ಕಣ್ಣು ಬಿಡಿಸಿ ನೋಡಿದರು, ತೋಳಿಗೆ ಚುಚ್ಚಿದರು. ನನ್ನ ಜುಟ್ಟನ್ನು ಬಿಚ್ಚಿಸಿ ಹೇನು ಉಂಟೋ ಎಂದು ಹುಡುಕಿದರು. ಗಡಿಯಾರದ ಕೆಲಸಕ್ಕೆ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ನನ್ನ ಚೀಲದಲ್ಲಿತ್ತು. ಸುಂಕದವನು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಇದು ಯಾವ ಯಂತ್ರದ ಭಾಗ ಎಂದು ಕೇಳಿದ. ನನ್ನ ಕಣ್ಣಿನ ಭಾಗ ಎಂದೆ. ಆ ತಮಾಷೆ ಅವನಿಗೆ ಹಿಡಿಸಲಿಲ್ಲ. ಅರ್ಧ ದಿನ ಮೂಲೆಯಲ್ಲಿ ಕೂರಿಸಿದ.

ಕೂತಲ್ಲಿಂದ ರಂಗೂನಿನಿಂದ ಬಂದ ಹಡಗು ಖಾಲಿಯಾಗುವುದು ಕಾಣುತ್ತಿತ್ತು. ಹುಟ್ಟಿದಂದಿನಿಂದ ಅಲ್ಲೇ ಬದುಕಿದವರೆಲ್ಲ ಗಂಟುಮೂಟೆ ಕಟ್ಟಿಕೊಂಡು ಇಳಿಯುತ್ತಿದ್ದರು. ಇಳಿದ ಮೇಲೆ ಯಾವ ಕಡೆಗೆ ನಡೆಯಬೇಕೆಂದು ತಿಳಿಯದೆ ಕಟ್ಟೆಯ ಮೇಲೆ ನಿಂತುಬಿಡುತ್ತಿದ್ದರು. ತಮಿಳು ಮುದುಕರೊಬ್ಬರು ನನ್ನ ಟಿಕೇಟು ನೋಡಿ, ಎಲ್ಲರೂ ಬಿಟ್ಟುಬರುವ ಊರಿಗೆ ಹೋಗಲು ಅಲ್ಲಿ ಏನನ್ನು ಮರೆತು ಬಂದಿದ್ದೀರಿ ಎಂದು ಕೇಳಿದರು. ತಮ್ಮನನ್ನು ಎನ್ನಬೇಕೆಂದು ಬಾಯಿಗೆ ಬಂತು, ಹೇಳಲಿಲ್ಲ. ಹೇಳಿದ್ದರೆ ಅವರೂ ತಮ್ಮವರ ಲೆಕ್ಕ ತೆಗೆಯುತ್ತಿದ್ದರು.

ಹಡಗಿನ ಡೆಕ್ಕು

ಡೆಕ್ಕಿನ ಮೇಲೆ ಮೊದಲು ಬಂದವನು ಸೀಮೆಸುಣ್ಣದಿಂದ ಗೆರೆ ಎಳೆದು ತನ್ನ ಜಾಗ ಮಾಡಿಕೊಳ್ಳುತ್ತಾನೆ. ನಮ್ಮೂರಿನ ಗದ್ದೆಯ ಹುಣಿಯ, ಬದುವಿನ ಜಗಳಗಳೆಲ್ಲ ಅಲ್ಲಿಯೂ ನಡೆದವು. ನನ್ನ ಗೆರೆ ಗಾಳಿ ಬೀಸುವ ಅಂಚಿನಲ್ಲಿತ್ತು. ಎರಡನೆಯ ದಿನ ಒಂದು ದೊಡ್ಡ ತೆರೆ ಬಂದು, ಅಮ್ಮ ಕಟ್ಟಿಕೊಟ್ಟ ಅವಲಕ್ಕಿಯ ಗಂಟನ್ನು ನೆನೆಸಿಹಾಕಿತು. ಒಣಗಲು ಹರಡಿದರೆ ಅದರಲ್ಲಿ ಉಪ್ಪಿನ ಹರಳು ಮೂಡಿತು. ಹೇಗೂ ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಉಳಿದ ದಿನಗಳನ್ನು ಬಾಳೆಹಣ್ಣಿನಲ್ಲಿ ಕಳೆದೆ. ಮಲಗಿದಲ್ಲಿ ಬರೀ ವಾಸುವಿನದೇ ಯೋಚನೆ. ತಲೆಯ ಹತ್ತಿರ ಇಟ್ಟ ನೀರನ್ನು ಅವನು ಕುಡಿದನೋ ಇಲ್ಲವೋ ಎಂದು ಇಷ್ಟು ವರ್ಷಗಳಲ್ಲಿ ಎಷ್ಟು ಸಲ ಯೋಚಿಸಿದ್ದೆನೋ, ಅಲ್ಲಿಯೂ ಅದನ್ನೇ ಯೋಚಿಸಿದೆ.

ರಂಗೂನು

ರಂಗೂನಿನ ನದಿಯ ನೀರು ನಮ್ಮ ಚಂದ್ರಗಿರಿ ಹೊಳೆಯ ಆಟಿ ತಿಂಗಳ ಮಳೆಯ ಕೆಸರುನೀರಿನ ಬಣ್ಣದ್ದು. ಬಂದರಿನಲ್ಲಿ ಮುಳುಗಿದ ಹಡಗಿನ ಕಂಬಗಳು ಇನ್ನೂ ನೀರಿನಿಂದ ಮೇಲೆದ್ದು ನಿಂತಿದ್ದವು. ಪೇಟೆಯಲ್ಲಿ ದೊಡ್ಡ ದೊಡ್ಡ ಕಟ್ಟಡಗಳ ಮುಂಭಾಗ ಮಾತ್ರ ಉಳಿದಿತ್ತು. ಕಿಟಕಿಯೊಳಗೆ ಇಣುಕಿದರೆ ಆಕಾಶ. ಆ ಗೋಡೆಗಳ ನಡುವೆ ಬಿದಿರಿನ ಗುಡಿಸಲುಗಳು. ಹಳ್ಳಿಗಳಲ್ಲಿ ಬಂಡಾಯವೆದ್ದದ್ದರಿಂದ ಓಡಿಬಂದವರು ಅಲ್ಲಿದ್ದರು. ಹೊಳೆಯಾಚೆಯಿಂದ ಆಗಾಗ ಗುಂಡಿನ ಸದ್ದು ಕೇಳುತ್ತಿತ್ತು. ಜನ ತಲೆಯೆತ್ತಿ ಕೂಡ ನೋಡುತ್ತಿರಲಿಲ್ಲ.

ಅಲ್ಲಿಯ ಹೆಂಗಸರನ್ನು ಕಂಡು ನನಗೆ ದಿಗಿಲಾಯಿತು. ಮುಖಕ್ಕೆ ಗಂಧದ ಹಾಗೆ ಒಂದು ಮರದ ತೊಗಟೆ ತೇದು ಹಚ್ಚಿಕೊಂಡು, ಬಾಯಲ್ಲಿ ಬಾಳೆಕಾಯಿಯ ಗಾತ್ರದ ಚುರುಟು ಇಟ್ಟುಕೊಂಡು, ಅಂಗಡಿಯ ಪೂರ್ತಿ ವ್ಯಾಪಾರ ಅವರೇ ಮಾಡುತ್ತಾರೆ. ಗಂಡಸರು ಪಕ್ಕದಲ್ಲಿ ಮಗು ಆಡಿಸುತ್ತಾರೆ. ಗಂಡ ಸತ್ತವಳು ಯಾರು, ಇದ್ದವಳು ಯಾರು ಎಂದು ನೋಡಿದರೆ ತಿಳಿಯುವುದಿಲ್ಲ. ಅವರ ಹಣೆಯಲ್ಲಿ ಏನೂ ಇಲ್ಲ, ಕೈಯಲ್ಲಿ ಏನೂ ಇಲ್ಲ, ತಲೆಯಲ್ಲಿ ಮಾತ್ರ ಎಲ್ಲರಿಗೂ ಹೂವು. ಪದ್ಮಾವತಿ ಇಂಥ ಊರಿನಲ್ಲಿ ಹುಟ್ಟಬಾರದಿತ್ತೇ ಅನಿಸಿತು. ಮೀನು ಕೊಳೆಸಿ ಮಾಡುವ ವ್ಯಂಜನದ ವಾಸನೆ ಮೂಗಿಗೆ ಬಡಿದು ಆ ಯೋಚನೆಯನ್ನು ಅಲ್ಲಿಗೇ ಬಿಡಿಸಿತು. ಕುಂಬಳೆಯ ಒಣಮೀನಿನ ಸಾಲಿನಲ್ಲಿ ಮೂಗು ಮುಚ್ಚಿ ಓಡುತ್ತಿದ್ದವನಿಗೆ ಇಲ್ಲಿ ಓಡಲು ಜಾಗವೇ ಇರಲಿಲ್ಲ.

ಕೊಡೆ ಅಂಗಡಿ

ಅದ್ದು ಬ್ಯಾರಿಯವರು ಹಣ್ಣುಗಡ್ಡದ, ಮೆಲುಮಾತಿನ ಮನುಷ್ಯ. ಜಪಾನಿನವರ ಕಾಲದಲ್ಲೂ ಊರು ಬಿಡದೆ ಕೊಡೆ ರಿಪೇರಿ ಮಾಡಿಕೊಂಡಿದ್ದವರು. ನನ್ನ ಊಟದ ಕಷ್ಟವನ್ನು ಹೇಳದೆಯೇ ತಿಳಿದು, ಹೊಸ ಮಡಕೆಯನ್ನೂ ಅಕ್ಕಿಯನ್ನೂ ತರಿಸಿಕೊಟ್ಟರು. ಆಮೇಲೆ ಕೈಕಾಲು ತೊಳೆದುಬಂದು, ಕಪಾಟಿನ ಎಲ್ಲಕ್ಕಿಂತ ಮೇಲಿನ ಹಲಗೆಯಿಂದ ಮುಡಿಪನ್ನು ಇಳಿಸಿದರು. ಅರಸಿನದ ಬಣ್ಣ ಮಾಸಿ ಬಟ್ಟೆ ಮಣ್ಣಿನ ಬಣ್ಣಕ್ಕೆ ಬಂದಿತ್ತು. ಅದನ್ನು ನನ್ನ ಕೈಗೆ ಕೊಡದೆ ಬಾಳೆಲೆಯ ಮೇಲೆ ಇಟ್ಟರು.

ಹೆಂಗಸು ಏನು ಹೇಳಿದಳು ಎಂದು ಕೇಳಿದೆ. ನಿಮ್ಮ ಊರಿನವನು ತೀರಿಕೊಂಡ, ಇದು ಅವನ ದೇವರ ಹಣ, ಅವನ ಮನೆಗೆ ಮುಟ್ಟಿಸಿ ಎಂದಳಂತೆ. ಹೆಸರು, ಊರು ಹೇಳಿ ಹೊರಟುಹೋದಳಂತೆ. ಅವಳು ಕಾಲುವೆಯ ದಂಡೆಯಲ್ಲಿ ಚುರುಟು ಸುತ್ತುವವಳೆಂದು ಅವರಿಗೆ ಗೊತ್ತಿತ್ತು. ನಡೆದು ಹೋಗುವಾಗ ದಾರಿಯಲ್ಲಿ ತೀರಿಕೊಂಡವ, ಇವಳೇ ಎಲ್ಲೋ ಗಂಟನ್ನು ಜೋಪಾನ ಮಾಡಿಟ್ಟಿರಬೇಕು ಎಂದು ಭಾವಿಸಿ ಅವರು ಹೆಚ್ಚು ವಿಚಾರಿಸಲಿಲ್ಲ. ಆ ದಾರಿಯಲ್ಲಿ ಸತ್ತವರ ಸಾಮಾನು ಅಂಥ ಎಷ್ಟೋ ಕೈಗಳಲ್ಲಿತ್ತು.

ನಾನು ಗಂಟಿಗೆ ಕೈ ಹಾಕಿದಾಗ ಅವರು ತಡೆದರು. "ಬೇಡ ಭಟ್ರೆ. ಅದು ದೇವರ ಎದುರಲ್ಲಿ ಬಿಚ್ಚುವಂಥದ್ದು. ನಾನು ಬೇರೆ ಜಾತಿಯವ, ನಾನೇ ಬಿಚ್ಚಿ ನೋಡ್ಲಿಲ್ಲ." ಬಿಚ್ಚದಿದ್ದರೆ ಯಾರ ತಮ್ಮ ಸತ್ತದ್ದೆಂದು ನಾನು ಮನೆಯಲ್ಲಿ ಹೇಳಲಿ ಎಂದು ಕೇಳಿದೆ. ಅವರು ಬಾಗಿಲು ಮುಚ್ಚಿ ಹೊರಗೆ ಹೋಗಿ ನಿಂತರು. ಮನೆದೇವರಿಗೆ ಕೈಮುಗಿದು ಗಂಟು ಬಿಚ್ಚಿದೆ.

ಎಲ್ಲವೂ ಪೆನ್ನಿಗಳು. ಹಸಿರು ಕಿಲುಬು ಹಿಡಿದು ಒಂದಕ್ಕೊಂದು ಅಂಟಿಕೊಂಡಿದ್ದವು. ಅಡಿಯಲ್ಲಿ ತುರುಬಿನ ರಾಣಿ, ಇಸವಿಯ ಕೆಳಗೆ ಎಚ್, ಅಂಚಿನಲ್ಲಿ ನಾನು ಹುಡುಗನಾಗಿದ್ದಾಗ ಅರದಿಂದ ಉಜ್ಜಿ ಮಾಡಿದ ಗೀರು. ವಾಸುವಿನದೇ. ನನಗೆ ಅಳು ಬಂತು, ಅತ್ತೆ. ಆಮೇಲೆ ಕಣ್ಣೊರೆಸಿಕೊಂಡು ಉಳಿದವನ್ನು ಒಂದೊಂದಾಗಿ ಬಿಡಿಸಿದೆ. ಮುಸುಕಿನ ರಾಣಿ, ಅವಳ ಮಗ ಎಡ್ವರ್ಡ್, ಮೊಮ್ಮಗ ಜಾರ್ಜ್. ಮೇಲುಗಡೆ ಒಂದು ಕಪ್ಪು ಪೆನ್ನಿ ಇತ್ತು.

ಹೊಗೆ ಹಿಡಿದದ್ದು ಎಂದುಕೊಂಡು ಬಟ್ಟೆಯಿಂದ ಉಜ್ಜಿದೆ. ಕಪ್ಪು ಹೋಗಲಿಲ್ಲ. ಆಗ ನೆನಪಾಯಿತು. ಪಲ್ಟನ್ನಿನಿಂದ ಮರಳಿದ ಬೋವಿಕಾನದ ಒಬ್ಬರು ಇಂಥದೇ ಒಂದನ್ನು ನನಗೆ ತೋರಿಸಿದ್ದರು. ಯುದ್ಧದ ಕೊನೆಕೊನೆಯಲ್ಲಿ ಇಂಗ್ಲೆಂಡಿನ ಟಂಕಸಾಲೆಯವರೇ ಹೊಸ ಪೆನ್ನಿಯನ್ನು ಕಪ್ಪು ಮಾಡಿ ಹೊರಗೆ ಬಿಡುತ್ತಿದ್ದರು. ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಬೆಳಕಿಗೆ ಹಿಡಿದೆ. ಆರನೆಯ ಜಾರ್ಜ್. ಕೂತ ಹೆಂಗಸಿನ ಕೆಳಗೆ ೧೯೪೪. ಅದರ ಬೆನ್ನಿಗೆ ಅಂಟಿದ್ದ ಇನ್ನೊಂದರಲ್ಲಿ ೧೯೪೭. ವಾಸುವನ್ನು ದಾರಿಯಲ್ಲಿ ಮಲಗಿಸಿ ಬಂದದ್ದು ನಲವತ್ತೆರಡರಲ್ಲಿ. ಅವನಲ್ಲದೆ ಬೇರೆ ಯಾರೂ ಬಿಚ್ಚದ ಗಂಟಿನಲ್ಲಿ ಆ ಎರಡು ನಾಣ್ಯಗಳಿದ್ದವು.

ಬಾಗಿಲು ತೆಗೆದು ಅದ್ದು ಬ್ಯಾರಿಯವರನ್ನು ಕರೆದು ಇಸವಿ ತೋರಿಸಿದೆ. ಅವರು ಎರಡೂ ನಾಣ್ಯಗಳನ್ನು ತುಂಬ ಹೊತ್ತು ನೋಡಿದರು. "ಹಾಗಾದ್ರೆ ಯುದ್ಧ ಮುಗಿದ ಮೇಲೆಯೂ ಅವರು ಇದ್ರು ಭಟ್ರೆ" ಎಂದರು. "ಇದೇ ಬೀದಿಯಲ್ಲಿ ನಡೆದಿರ್ಬಹುದು." ಇದ್ದವನು ಊರಿಗೆ ಏಕೆ ಬರಲಿಲ್ಲ ಎಂಬ ಪ್ರಶ್ನೆ ಇಬ್ಬರ ಬಾಯಲ್ಲೂ ಬರಲಿಲ್ಲ. ಕೊಡೆ ಹಿಡಿದು ಆ ಹೆಂಗಸಿನ ಮನೆ ಹುಡುಕಿಕೊಂಡು ಹೊರಟೆವು.

ಕಾಲುವೆಯ ದಂಡೆ

ಅವಳ ಹೆಸರು ಮಾ ಟಿನ್. ಪ್ರಾಯ ನಲವತ್ತರ ಆಚೀಚೆ. ಗುಡಿಸಲಿನ ಜಗಲಿಯಲ್ಲಿ ಕೂತು ಚುರುಟು ಸುತ್ತುತ್ತಿದ್ದಳು. ನನ್ನ ಮುಖ ನೋಡಿದವಳೇ ಎದ್ದು ನಿಂತಳು; ನನಗೂ ವಾಸುವಿಗೂ ಮೂಗು ಒಂದೇ. ಚಾಪೆ ಹಾಸಿ ಕೂರಿಸಿದಳು. ಅವಳಿಗೆ ಬರುತ್ತಿದ್ದ ಕನ್ನಡ ಮೂರೇ ಮಾತು: ಉಪ್ಪು, ಸಾಕು, ನಾಳೆ. ಉಳಿದದ್ದನ್ನು ಅವಳು ಬರ್ಮಾದ ಭಾಷೆಯಲ್ಲಿ ಹೇಳಿದಳು, ಅದ್ದು ಬ್ಯಾರಿಯವರು ಕನ್ನಡದಲ್ಲಿ ನನಗೆ ತಿಳಿಸಿದರು.

ಜ್ವರದಲ್ಲಿ ಬಿದ್ದಿದ್ದ ವಾಸುವನ್ನು ಅವಳೂ ಅವಳ ತಾಯಿಯೂ ಕಂಡು ಮನೆಗೆ ಹೊತ್ತು ತಂದರಂತೆ. ಗಂಜಿ ಕುಡಿಸಿದರಂತೆ. ನಡೆಯುವಷ್ಟು ಚೇತರಿಸಿದಾಗ ಬೆಟ್ಟದ ದಾರಿ ಮುಚ್ಚಿತ್ತು, ಜಪಾನಿನವರು ಬಂದಾಗಿತ್ತು. ಯುದ್ಧ ಮುಗಿದ ಮೇಲೆ ಇಬ್ಬರೂ ರಂಗೂನಿಗೆ ಬಂದರು. ಅವನು ಬಂದರಿನ ಗೋದಾಮಿನಲ್ಲಿ ಮೂಟೆ ಲೆಕ್ಕ ಹಾಕುವ ಕೆಲಸಕ್ಕೆ ಸೇರಿದ. ಗೋರಾ ಸಿಪಾಯಿಗಳಿಂದ ಪೆನ್ನಿ ಕೇಳಿ ತರುತ್ತಿದ್ದ. ನಮ್ಮ ಬಿಸು ಬರುವ ಹೊತ್ತಿಗೇ ಅವರಿಗೂ ಹೊಸವರ್ಷ, ನೀರೆರಚುವ ಹಬ್ಬ. ಊರೆಲ್ಲ ನೀರಾಟದಲ್ಲಿರುವಾಗ ಅವನು ಒಳಗೆ ಕೂತು ಗಂಟು ಬಿಚ್ಚಿ ನಾಣ್ಯ ಹಾಕುತ್ತಿದ್ದನಂತೆ. ಕಳೆದ ಮಳೆಗಾಲದಲ್ಲಿ ಕಾಲು ಬಾತು, ಆ ಬಾವು ಮೇಲೇರಿ ತೀರಿಕೊಂಡ.

ಊರಿಗೆ ಹೋಗೆಂದು ಅವಳು ಹೇಳಲಿಲ್ಲವೇ ಎಂದು ಕೇಳಿದೆ. ಹಡಗು ಶುರುವಾದಂದಿನಿಂದ ಹೇಳುತ್ತಲೇ ಇದ್ದಳಂತೆ. ಮೊದಮೊದಲು ನಾಳೆ ಎನ್ನುತ್ತಿದ್ದನಂತೆ. ಒಂದು ದಿನ ಗಟ್ಟಿಯಾಗಿ ಕೇಳಿದಾಗ ಕಾರಣ ಹೇಳಿದ. ಬಿಟ್ಟುಹೋದವರು ಊರಿಗೆ ಮುಟ್ಟಿರುತ್ತಾರೆ, ಸತ್ತನೆಂದೇ ಹೇಳಿರುತ್ತಾರೆ, ಮನೆಯವರು ಕ್ರಿಯೆ ಮುಗಿಸಿರುತ್ತಾರೆ. ಕ್ರಿಯೆ ಮುಗಿದವನು ಹೊಸಿಲು ದಾಟಿದರೆ ಮನೆ ಉಳಿಯುವುದಿಲ್ಲ. ಪೇಟೆಯಲ್ಲಿ ನಮ್ಮ ಭಾಷೆ ಕಿವಿಗೆ ಬಿದ್ದರೆ ಮುಖ ತಿರುಗಿಸಿ ಬೇರೆ ಬೀದಿ ಹಿಡಿಯುತ್ತಿದ್ದನಂತೆ.

ಈ ಮಾತು ಓದುವವರಿಗೆ ಹುಚ್ಚೆನಿಸಬಹುದು. ನನಗೆ ಅನಿಸಲಿಲ್ಲ. ನಾವು ಹುಡುಗರಾಗಿದ್ದಾಗ, ಹೊಳೆಯಲ್ಲಿ ಕೊಚ್ಚಿಹೋದನೆಂದು ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟ ಹಾಕಿಸಿಕೊಂಡ ನಮ್ಮ ನೆಂಟನೊಬ್ಬ ಮುಂದಿನ ವರ್ಷ ನಡೆದುಕೊಂಡು ಮನೆಗೆ ಬಂದಿದ್ದ. ಅವನನ್ನು ಒಳಗೆ ಸೇರಿಸಲಿಲ್ಲ. ಮತ್ತೆ ಹುಟ್ಟಿದ ಶಾಸ್ತ್ರ ಮಾಡಿಸುವವರೆಗೆ ಎಂದು ದನದ ಹಟ್ಟಿಯ ಬದಿಯಲ್ಲಿ ಇರಿಸಿದರು. ಆ ಶಾಸ್ತ್ರದ ದಿನ ಬರಲೇ ಇಲ್ಲ. ಅವನ ಹೆಂಡತಿ ದೂರದಲ್ಲಿ ಬಾಳೆಲೆ ಇಟ್ಟು ಹೋಗುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ಆ ವರ್ಷ ಕರುಗಳು ಸತ್ತದ್ದಕ್ಕೂ ಅವನೇ ಕಾರಣನಾದ. ವಾಸುವೂ ನಾನೂ ಬೇಲಿಯ ಸಂದಿಯಿಂದ ಅವನನ್ನು ನೋಡಿದ್ದೆವು. ವಾಸು ಪದ್ಮಾವತಿಗೆ ಅಂಥ ಗತಿ ತರಲಾರದೆ ದೂರ ಉಳಿದ.

ಮಾ ಟಿನ್ ಇನ್ನೊಂದು ವಿಷಯ ಹೇಳಿದಳು. ತನ್ನನ್ನು ದಾರಿಯಲ್ಲಿ ಬಿಟ್ಟುಹೋದ ತಿಥಿಯನ್ನು ವಾಸು ನೆನಪಿಟ್ಟುಕೊಂಡಿದ್ದ. ಪ್ರತಿವರ್ಷ ಆ ದಿನ ಸ್ನಾನ ಮಾಡಿ, ಕಾಲುವೆಯ ದಂಡೆಯಲ್ಲಿ ಕೂರುತ್ತಿದ್ದ. ಅವಳು ಬೇಯಿಸಿದ್ದನ್ನು ಮುಟ್ಟುತ್ತಿರಲಿಲ್ಲ. ಏಕೆಂದು ಕೇಳಿದರೆ, ಇವತ್ತು ನನಗೆ ಊರಲ್ಲಿ ಬಡಿಸುತ್ತಾರೆ ಎನ್ನುತ್ತಿದ್ದ. ಸಂಜೆಯವರೆಗೂ ಕಾಗೆಗಳನ್ನು ನೋಡುತ್ತ ಕೂತಿರುತ್ತಿದ್ದ.

ಆಮೇಲೆ ಅವಳು ಎಲೆ ಸುತ್ತುವುದನ್ನು ನಿಲ್ಲಿಸಿ, ನನ್ನನ್ನೇ ನೋಡುತ್ತ ಏನೋ ಕೇಳಿದಳು. ಅದ್ದು ಬ್ಯಾರಿಯವರು ತಿಳಿಸಲು ಹಿಂಜರಿದರು. "ಊರಲ್ಲಿ ಎಂತೆಂತ ಬಡಿಸಿದ್ರಿ ಅಂತ ಕೇಳ್ತಾಳೆ ಭಟ್ರೆ. ಅವರಿಗೆ ಇಷ್ಟದ್ದು ಮಾಡಿದ್ರಾ ಅಂತ."

ಸುಳ್ಳು ಹೇಳಬಹುದಿತ್ತು. ನಾಲಗೆ ಏಳಲಿಲ್ಲ. ಕ್ರಿಯೆಯನ್ನೇ ಮಾಡಿರಲಿಲ್ಲ, ಅವನ ಹೆಂಡತಿ ಒಪ್ಪಲಿಲ್ಲ, ಬರುತ್ತಾನೆಂದು ಕಾಯುತ್ತಿದ್ದೆವು ಎಂದೆ. ಬ್ಯಾರಿಯವರು ಅದನ್ನು ಮೆಲ್ಲಗೆ ಹೇಳಿದರು. ಮಾ ಟಿನ್ ಚಾಪೆಯ ಮೇಲಿನ ಎಲೆಯ ಚೂರುಗಳನ್ನು ಒಂದೊಂದಾಗಿ ಹೆಕ್ಕಿದಳು. ಕೊನೆಗೆ ಹೇಳಿದ ಒಂದೇ ಮಾತನ್ನು ಬ್ಯಾರಿಯವರು ಬೇರೆ ಕಡೆ ನೋಡುತ್ತ ನನಗೆ ದಾಟಿಸಿದರು: "ಹಾಗಾದ್ರೆ ಆ ದಿನಗಳಲ್ಲೆಲ್ಲ ಅವರಿಗೆ ಎಲ್ಲಿಯೂ ಊಟ ಇರ್ಲಿಲ್ಲ."

ಅವನನ್ನು ಸುಡಲಿಲ್ಲ, ಅಲ್ಲಿಯ ಬಡವರ ಪದ್ಧತಿಯಂತೆ ಮಣ್ಣು ಮಾಡಿದ್ದರು. ಜಾಗ ತೋರಿಸಿದಳು. ನೀರು ನಿಂತ ಬಯಲು. ಓಡಿಬಂದವರ ಗುಡಿಸಲುಗಳು ಅದರ ಮೇಲೂ ಎದ್ದಿದ್ದವು. ಇದೇ ಇರಬೇಕು ಎಂದು ಅವಳು ಒಂದು ಕಡೆ ಕೈ ಮಾಡಿದಳು, ಮತ್ತೆ ಇನ್ನೊಂದು ಕಡೆ. ಅಲ್ಲಿ ಯಾರೋ ಒಲೆ ಹೂಡಿ ಅನ್ನ ಬೇಯಿಸುತ್ತಿದ್ದರು. ನಾವು ಮೂವರೂ ಮಳೆಯಲ್ಲಿ ನಿಂತು ಮರಳಿದೆವು.

ಹಿಂದಿರುಗುವ ಹಡಗು

ಮರಳುವ ಹಡಗಿನಲ್ಲಿ ಗೆರೆ ಎಳೆಯಲೂ ಜಾಗವಿಲ್ಲದಷ್ಟು ಜನ. ಮೂಲೆಯಲ್ಲಿ ಮುದುಡಿ ಕೂತು ನಾನು ಒಂದೇ ಲೆಕ್ಕ ಹಾಕುತ್ತಿದ್ದೆ. ನಾಣ್ಯ ವಾಸುವಿನದಲ್ಲ ಎಂದರೆ ಸಾಕು; ಯಾರೂ ಪರೀಕ್ಷಿಸುವವರಿಲ್ಲ. ಪದ್ಮಾವತಿಯ ಕೂದಲು ಉಳಿಯುತ್ತದೆ. ಮಾ ಟಿನ್‌ಳ ಸುದ್ದಿಯೂ ಅವಳಿಗೆ ತಿಳಿಯುವುದಿಲ್ಲ. ಮದ್ರಾಸು ಕಾಣುವವರೆಗೆ ಸುಳ್ಳು ಹೇಳುವುದೆಂದೇ ನಿರ್ಧರಿಸಿದ್ದೆ. ರೈಲು ಹತ್ತಿದ ಮೇಲೆ ಧೈರ್ಯ ಹೋಯಿತು. ಇದ್ದದ್ದನ್ನು ಇದ್ದ ಹಾಗೆ ಹೇಳಿ ಎಂದವಳ ಮುಖ ನೋಡಿ ಹೇಗೆ ಸುಳ್ಳು ಹೇಳಲಿ?

ಮನೆ

ಎಲ್ಲವನ್ನೂ ಹೇಳಿದೆ. ಇಸವಿಯನ್ನು ಹೇಳಿದೆ, ಮಾ ಟಿನ್‌ಳನ್ನು ಹೇಳಿದೆ, ತಿಥಿಯ ದಿನ ಅವನು ಉಪವಾಸ ಕೂತದ್ದನ್ನೂ ಹೇಳಿದೆ. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಗೆ ಒರಗಿದರು. ಪದ್ಮಾವತಿ ಅಳಲಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ಕೂತು ಕೇಳಿದಳು. "ಒಂದು ಕಾರ್ಡು ಹಾಕಿ ಕೇಳ್ಬಹುದಿತ್ತಲ್ಲ ಬಾವ, ನನ್ನ ಬೊಜ್ಜ ಆಯ್ತಾ ಅಂತ" ಎಂದಳು. ಸತ್ತ ತಮ್ಮನ ಮೇಲೆ ಮೊದಲ ಸಲ ನನಗೆ ಕೋಪ ಬಂತು.

ಪುರೋಹಿತರು ಬಂದು ದಿನ ಗೊತ್ತುಮಾಡಿದರು. ಕ್ಷೌರಿಕನಿಗೂ ಹೇಳಿ ಕಳಿಸಿದರು. ಕಾಲ ಬದಲಾಗಿದೆ, ತಲೆ ಬೋಳಿಸುವುದು ಬೇಡ ಎಂದು ನಾನು ಜಗಳವಾಡಿದೆ. ಅಮ್ಮ ಒಪ್ಪಲಿಲ್ಲ, ಮಗನಿಗೆ ಇಷ್ಟು ವರ್ಷ ತಪ್ಪಿದ್ದನ್ನು ಈಗಲಾದರೂ ಏನೂ ಬಿಡದೆ ಮಾಡಬೇಕು ಎಂದರು. ಆ ಹಟದ ಎದುರು ನನ್ನ ಮಾತು ನಡೆಯಲಿಲ್ಲ.

ಕ್ರಿಯೆ ಶುರುವಾಗುವ ಹಿಂದಿನ ದಿನ ಬೆಳಿಗ್ಗೆ ಪದ್ಮಾವತಿ ಮಿಂದು, ಪೆಟ್ಟಿಗೆಯಿಂದ ಮದುವೆಯ ಸೀರೆ ತೆಗೆದು ಉಟ್ಟು ಹೊರಗೆ ಬಂದಳು. ಉದ್ದ ಜಡೆ ಹೆಣೆದು ಅಬ್ಬಲಿಗೆ ಮುಡಿದಿದ್ದಳು. ಹಣೆಯ ಕುಂಕುಮ ದಿನದಕ್ಕಿಂತ ಅಗಲವಾಗಿತ್ತು. ಅಮ್ಮ ಗಾಬರಿಯಾಗಿ, ಇದೆಂತ ಹುಚ್ಚು, ಜನ ನೋಡಿದರೆ ಏನೆಂದಾರು ಎಂದು ಕೂಗಿದರು.

"ನೋಡ್ಲಿ ಅತ್ತೆ" ಎಂದಳು. "ಇಷ್ಟು ವರ್ಷ ಇಟ್ಟದ್ದು ಹೌದೋ ಅಲ್ಲವೋ ಅಂತ ಹೆದರಿ ಹೆದರಿ. ಅವರು ಇದ್ರು. ನಾನು ಇಟ್ಟದ್ದು ಸುಳ್ಳಲ್ಲ. ಇವತ್ತು ಒಂದು ದಿನ ಹೆದರದೆ ಇಟ್ಟುಕೊಳ್ತೇನೆ."

ಅಮ್ಮ ದಾರಿ ಬಿಟ್ಟರು. ಪದ್ಮಾವತಿ ಅಂಗಳ ಇಳಿದು, ತಟ್ಟೆ ದಾಟಿಸುತ್ತಿದ್ದವರ ಮನೆಗಳ ಮುಂದೆ, ಬೀದಿಯ ಕೊನೆಯವರೆಗೆ ನಿಧಾನವಾಗಿ ನಡೆದು ಹೋದಳು, ಹಾಗೆಯೇ ನಡೆದು ಮರಳಿದಳು. ಅವಳು ಆ ದಿನವಿಡೀ ಹೂವನ್ನು ತೆಗೆಯಲಿಲ್ಲ. ಮರುದಿನ ಬೆಳಿಗ್ಗೆ ಕ್ಷೌರಿಕ ಬಂದ.